ಮೇಜಿನವರೆಗೆ

ಶನಿವಾರ ಸಂಜೆ ಕ್ಷೌರ ಮಾಡಿಕೊಳ್ಳುವಾಗ ಕೈ ಜಾರಿ ಗಲ್ಲ ಕೊಯ್ದುಹೋಗಿತ್ತು. ಭಾನುವಾರ ದೇವರ ದಿನ, ಬ್ಲೇಡು ಮುಟ್ಟುವಂತಿಲ್ಲ, ನೀರು ಸೇದುವಂತಿಲ್ಲ, ಆಲೂಗಡ್ಡೆ ಸುಲಿಯುವಂತಿಲ್ಲ. ದ್ವೀಪದ ಗಂಡಸರೆಲ್ಲ ಶನಿವಾರವೇ ಮುಖದ ಕೆಲಸ ಮುಗಿಸಿ ಮಲಗುತ್ತಾರೆ. ಈಗ ಬೆಳಿಗ್ಗೆ ಗಂಜಿಯ ಬಟ್ಟಲಿನ ಮುಂದೆ ಕೂತ ಟಾರ್ಕಿಲ್‌ಗೆ ಆ ಗಾಯ ಚುರುಚುರು ಎನ್ನುತ್ತಿತ್ತು. ಎದುರಿಗೇ ಹೆಂಡತಿ ಎಫಿ ಕೂತಿದ್ದಳು, ಕಿಟಕಿಯ ಬೆಳಕು ನೇರ ಅವನ ಮುಖದ ಮೇಲಿತ್ತು, ಆದರೂ ಅವಳು ಗಾಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊದಲಾಗಿದ್ದರೆ ಅಂಗಿಯ ಒಂದು ಗುಂಡಿ ತಪ್ಪಿದ್ದರೂ ಹೊಸ್ತಿಲು ದಾಟಲು ಬಿಡದವಳು. ಸಿಟ್ಟು ಎಂದುಕೊಂಡ ಅವನು. ಸಿಟ್ಟಲ್ಲದೆ ಇನ್ನೇನು? ಇವತ್ತು ದೇವಾಲಯದಲ್ಲಿ ಕರ್ತನ ಭೋಜನ; ಆ ಮೇಜಿಗೆ ಹೋಗಿ ರೊಟ್ಟಿ ಮುರಿಯಬೇಕೆನ್ನುವವರು ನಿನ್ನೆಯೇ ಸಭೆಯ ಹಿರಿಯರ ಮುಂದೆ ನಿಂತು ಒಪ್ಪಿಗೆಯ ಗುರುತಾಗಿ ಸೀಸದ ಬಿಲ್ಲೆ ತೆಗೆದುಕೊಂಡು ಬರಬೇಕಿತ್ತು. ಎಫಿ ತಂದಿದ್ದಳು. ಇಪ್ಪತ್ತು ವರ್ಷದಿಂದ ತರುತ್ತಿದ್ದಾಳೆ. ಅವನು ನಿನ್ನೆಯೂ ಬರಿಗೈಯಲ್ಲಿ ಮನೆಗೆ ಬಂದಿದ್ದ. ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಗಂಡಹೆಂಡಿರ ನಡುವೆ ಕೆಲವು ವಿಷಯ ಹೆಜ್ಜೆಯ ಸದ್ದಿನಲ್ಲೇ ತಿಳಿದುಹೋಗುತ್ತದೆ.

ತನ್ನನ್ನು ತಾನು ಶೋಧಿಸಿಕೊಳ್ಳದೆ ಆ ರೊಟ್ಟಿಗೆ ಕೈ ಹಾಕಿದವನು ತನ್ನ ಶಿಕ್ಷೆಯನ್ನೇ ತಾನು ತಿಂದಂತೆ ಎಂಬ ಭಯ ಈ ದ್ವೀಪದವರಿಗೆ ಎದೆಹಾಲಿನ ಜೊತೆ ಬರುತ್ತದೆ. ಹಾಗಾಗಿ ಜೀವಮಾನವಿಡೀ ಒಂದು ಭಾನುವಾರವನ್ನೂ ತಪ್ಪಿಸದೆ ದೇವಾಲಯಕ್ಕೆ ನಡೆದು, ಮೇಜನ್ನು ಮಾತ್ರ ದೂರದಿಂದ ನೋಡಿ ಸಾಯುವ ಜನ ಇಲ್ಲಿ ಊರು ತುಂಬ ಇದ್ದಾರೆ. ಟಾರ್ಕಿಲ್ ಅಂಥವರಲ್ಲಿ ಮೊದಲಿಗ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಹುಡುಕುವವರು ಲೋಕದಲ್ಲಿ ಬೇಕಾದಷ್ಟು. ಅವನು ಆ ಜಾತಿಯಲ್ಲ. ಅವನು ತನ್ನ ತಟ್ಟೆಯನ್ನು ಬಿಟ್ಟು ಬೇರೆಡೆ ಕಣ್ಣೆತ್ತಿದವನೇ ಅಲ್ಲ. ದಿನಾ ಸಂಜೆ ಚಹಾ ಕುಡಿದ ಮೇಲೆ ಹಿತ್ತಲಿನ ಮಗ್ಗದ ಮನೆಗೆ ಹೋಗಿ, ನಿಂತ ಮಗ್ಗದ ಪಕ್ಕದ ಹಲಗೆಯ ಮೇಲೆ ಕೂತು, ಆ ದಿನವನ್ನು ಎಳೆಎಳೆಯಾಗಿ ಬಿಚ್ಚುತ್ತಿದ್ದ. ಪ್ರತಿಸಲವೂ ಏನಾದರೂ ಸಿಗುತ್ತಿತ್ತು. ಎಲ್ಲಕ್ಕಿಂತ ತಳದಲ್ಲಿ ಒಂದು ಹಳೆಯದಿತ್ತು: ಅಮ್ಮ ತೀರಿಕೊಂಡ ದಿನ ಹೆಣದ ತಲೆದೆಸೆಯಲ್ಲಿ ಕೂತು ಅವನೇ ಕೀರ್ತನೆಯ ಸಾಲು ಎತ್ತಿಕೊಟ್ಟು ಹಾಡಿಸಿದ್ದ. ಕೋಣೆ ತುಂಬ ಜನ ಅಳುತ್ತಿದ್ದಾಗ ಅವನೊಳಗೆ ಯಾರೋ ತಣ್ಣಗೆ, ಇವತ್ತು ನಿನ್ನ ಕಂಠ ಬಹಳ ಚೆನ್ನಾಗಿದೆ ಎಂದಿದ್ದರು. ಆ ಯಾರೋ ಇನ್ನೂ ಒಳಗೆ ಕೂತಿದ್ದಾನೆ. ಅವನನ್ನು ಹೊತ್ತುಕೊಂಡು ಮೇಜಿಗೆ ಹೋಗುವುದು ಹೇಗೆ? ಶುಕ್ರವಾರದ ಕೂಟದಲ್ಲಿ ಒಬ್ಬ ಮುದುಕ ಎದ್ದು, ನಡುಗಿ ದೂರ ನಿಂತವನು ಧೈರ್ಯವಾಗಿ ಹತ್ತಿರ ಬಂದವನಿಗಿಂತ ದೇವರಿಗೆ ಹತ್ತಿರ ಇರಬಹುದು ಎಂದಾಗ ನಾಲ್ಕಾರು ತಲೆ ಟಾರ್ಕಿಲ್ ಕಡೆ ತಿರುಗಿದ್ದವು. ಅವನ ಕಿವಿ ಬೆಚ್ಚಗಾಗಿತ್ತು. ಅದು ಹೆಮ್ಮೆಯೋ ಎಂದು ಶೋಧಿಸುತ್ತ ಅವನು ಶುಕ್ರವಾರದ ಸಂಜೆಯನ್ನೆಲ್ಲ ಕಳೆದಿದ್ದ.

"ಇನ್ನೊಂದಿಷ್ಟು ಗಂಜಿ ಹಾಕ್ಲಾ, ಟಾರ್ಕಿಲ್? ಇದನ್ನಾದ್ರೂ ತಿನ್ನೋಕೆ ನೀನು ಯೋಗ್ಯನೋ ಇಲ್ಲ ಇದಕ್ಕೂ ಯೋಚನೆ ಮಾಡ್ಬೇಕೋ?" ಎಂದಳು ಡೋಲೀನಾ. ಎಫಿಯ ದೊಡ್ಡಪ್ಪನ ಮಗಳು, ಬಡಗಣ ತುದಿಯ ಊರಿನವಳು. ಭೋಜನದ ವಾರ ಬಂತೆಂದರೆ ಗಂಟು ಕಟ್ಟಿಕೊಂಡು ಬಂದು ಇವರ ಮನೆಯಲ್ಲೇ ಠಾಣೆ ಹೂಡುವವಳು. ಅವಳೂ ಮೇಜಿಗೆ ಹೋದವಳಲ್ಲ. ತನ್ನನ್ನು ತಾನು ಹುಡುಕೋಕೆ ಕೂತರೆ ಅಡುಗೆ ಮಾಡೋರು ಯಾರು ಎಂದು ಕೇಳಿ ನಗುವ ಹೆಂಗಸು. ಟಾರ್ಕಿಲ್ ಬಗ್ಗೆ ಅವಳ ಹತ್ತಿರ ಒಂದು ಹಳೇ ಮಾತಿತ್ತು, ವರ್ಷಕ್ಕೆರಡು ಸಲ ಹೊರಗೆ ತೆಗೆಯುತ್ತಿದ್ದಳು: ಊರನ್ನೆಲ್ಲ ಹಾಡಿ ಊಟಕ್ಕೆ ಕರೆಯುತ್ತಾನೆ, ತಾನು ಮಾತ್ರ ಹೊಸ್ತಿಲಲ್ಲಿ ಉಪವಾಸ ನಿಲ್ಲುತ್ತಾನೆ. ಅದು ನಿಜವೇ. ದೇವಾಲಯದಲ್ಲಿ ಕೀರ್ತನೆಯ ಸಾಲು ಕೊಡುವವನು ಅವನು. ಅವನು ಒಂದು ಸಾಲು ಒಬ್ಬನೇ ಎತ್ತಿಕೊಡಬೇಕು, ಜನ ಅದನ್ನು ಹಿಡಿದು ಅಲೆಯ ಹಾಗೆ ಏರಿಸಿ ಇಳಿಸಬೇಕು; ಆ ಅಲೆಯ ಮೇಲೆ ಬಿಲ್ಲೆ ಹಿಡಿದವರು ಎದ್ದು ಮೇಜಿನ ಕಡೆ ನಡೆಯಬೇಕು. ಇಷ್ಟು ವರ್ಷಗಳಲ್ಲಿ ಎಷ್ಟೋ ಜನರನ್ನು ಅವನ ಕಂಠ ಮೇಜಿಗೆ ಮುಟ್ಟಿಸಿತ್ತು. ಎಫಿ ನಕ್ಕಳು, ಕೆಟಲ್ ಎತ್ತಿ ಅವನ ಚಹಾದ ಬಟ್ಟಲಿಗೆ ಸುರಿದಳು. ಸುರಿಯುವಾಗ ಬಟ್ಟಲಿನೊಳಗೆ ತೋರುಬೆರಳ ತುದಿ ಇಟ್ಟುಕೊಂಡಿದ್ದಳು. ಬಿಸಿ ತಗಲಿದ ಕೂಡಲೇ ನಿಲ್ಲಿಸಿದಳು. ಇತ್ತೀಚೆಗೆ ಹೀಗೇ ಮಾಡುತ್ತಾಳೆ. ಬೆರಳ ತುದಿ ಯಾವಾಗಲೂ ಕೆಂಪಗಿರುತ್ತದೆ. ಗಂಡನಾದವನು ತನ್ನ ಚಹಾ ತಾನು ಬಗ್ಗಿಸಿಕೊಳ್ಳಬಾರದೇ ಎಂಬ ಚುಚ್ಚು ಅದರಲ್ಲಿದೆ ಎಂದು ಅವನಿಗೆ ಅನ್ನಿಸಿ, ಅದನ್ನೂ ಒಂದು ಸಂಜೆ ಮಗ್ಗದ ಮನೆಗೆ ಒಯ್ದಿದ್ದ.

ಅವಳು ಕೇಳಿದ್ದು ಮೂರು ವಾರದ ಹಿಂದೆ. ಒಲೆಯ ಮುಂದೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು, ಕೈ ನೋಡದೆ ಹೆಣೆಯುವುದು ಅವಳಿಗೆ ಮೊದಲಿಂದಲೂ ಅಭ್ಯಾಸ. "ಈ ಸಲ ನೀನೂ ನನ್ನ ಜೊತೆ ಮೇಜಿನವರೆಗೆ ಬಾ. ಅಷ್ಟು ದೂರ ಒಬ್ಬಳೇ ನಡೆಯೋಕೆ ನನ್ನ ಕೈಲಿ ಆಗ್ತಿಲ್ಲ," ಎಂದಿದ್ದಳು. ನೋಡೋಣ ಎಂದು ಅವನು ಎದ್ದುಹೋಗಿದ್ದ. ಮಗ್ಗದ ಮನೆಯ ಕತ್ತಲಲ್ಲಿ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಹೆಂಡತಿಯ ಬಾಯಿಂದ ದೇವರೇ ಕರೆದನೇ? ಹಾಗಿದ್ದರೆ ತನ್ನೊಳಗೆ ಏನಾದರೂ ಅಲುಗಬೇಕಿತ್ತಲ್ಲ. ಅಲುಗಿತೇ? ಅಲುಗಿದ್ದು ಭಕ್ತಿಯೋ, ಅವಳ ಮೇಲಿನ ಕನಿಕರವೋ? ಆಮೇಲಿನ ದಿನಗಳಲ್ಲಿ ಮನೆಯ ಪ್ರತಿಯೊಂದು ಸಣ್ಣ ಸಂಗತಿಯೂ ತನ್ನನ್ನೇ ಕುರಿತು ಆಡಿದ ಮಾತಿನಂತೆ ಕೇಳಿಸತೊಡಗಿತು. ಸಂಜೆಯ ಬೈಬಲ್ ಓದಿನಲ್ಲಿ ಇಬ್ಬರೂ ಒಂದೊಂದು ವಚನ ಓದುವುದು ವಾಡಿಕೆ. ಈಗೀಗ ಅವಳು ಪುಸ್ತಕ ಇವನ ಕಡೆ ತಳ್ಳಿ, ನೀನೇ ಓದು ಎನ್ನುತ್ತಿದ್ದಳು. ಈ ವಾಕ್ಯ ನಿನಗೇ ಬೇಕಾದದ್ದು ಎನ್ನುತ್ತಿದ್ದಾಳೆ ಎಂದು ಅವನು ತಿಳಿದ. ಮಗ್ಗದಲ್ಲಿ ಉಳಿದ ಉಣ್ಣೆಯ ತುಂಡುಗಳನ್ನು ತಂದು ಅಡುಗೆಮನೆಯ ಡಬ್ಬಿಗಳಿಗೆಲ್ಲ ಗಂಟು ಹಾಕಿದ್ದಳು: ಚಹಾ ಡಬ್ಬಿಗೆ ಒಂದು ಗಂಟು, ಸಕ್ಕರೆಗೆ ಎರಡು, ಕಪಾಟಿನ ಹಿಡಿಗೊಂದು ಕೆಂಪು ಕುಚ್ಚು. ಇದೇನು ಈ ವಯಸ್ಸಿನಲ್ಲಿ ಅಲಂಕಾರ ಎಂದು ಮನಸ್ಸಿನಲ್ಲೇ ಹಳಿದ. ಹಳಿದದ್ದಕ್ಕಾಗಿ ಆಮೇಲೆ ತನ್ನನ್ನು ಹಳಿದುಕೊಂಡ. ಆ ಎರಡನೆಯ ಹಳಿಯುವಿಕೆಯಲ್ಲಿ ಎಂಥದೋ ಒಂದು ಸಮಾಧಾನವಿತ್ತು.

ನಿನ್ನೆ ಅವನು ಹೋಗದೆ ಇರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಕೂರುವ ಕೋಣೆಯ ಬಾಗಿಲವರೆಗೂ ಹೋಗಿದ್ದ. ಒಳಗೆ ಐವರ್ ಇದ್ದ, ಇನ್ನಿಬ್ಬರು ಇದ್ದರು. ಐವರ್ ಹಿರಿಯರಲ್ಲೆಲ್ಲ ಹಿರಿಯ, ಒಂದು ಕಾಲದಲ್ಲಿ ಟಾರ್ಕಿಲ್‌ನ ಅಪ್ಪನ ಜೊತೆ ದೋಣಿ ನಡೆಸಿದವನು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟ ಕ್ಷಣದಲ್ಲಿ ಒಂದು ಪ್ರಶ್ನೆ ಬಂತು: ನೀನು ಹೋಗುತ್ತಿರುವುದು ದೇವರಿಗಾಗಿಯೋ ಎಫಿಗಾಗಿಯೋ? ಎಫಿಗಾಗಿಯಾದರೆ ಎಫಿಯೇ ನಿನ್ನ ವಿಗ್ರಹವಾದಳು. ಕೈ ಹಿಂದೆ ಬಂತು. ಹಿತ್ತಾಳೆಯ ಹಿಡಿಯ ತಂಪು ಅಂಗೈಯಲ್ಲಿ ಮನೆಯವರೆಗೂ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವನ ಸಂಗತಿ ಅದಕ್ಕಿಂತ ಕಡೆ. ತುತ್ತು ಕೈಗೆ ಬಂದಾಗಲೆಲ್ಲ ಅವನು ಕೈಯನ್ನೇ ನೋಡುತ್ತ ನಿಂತುಬಿಡುತ್ತಿದ್ದ.

ದೇವಾಲಯಕ್ಕೆ ಎಲ್ಲರೂ ನಡೆದೇ ಹೋದರು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ಹೆಂಗಸರು ಟೋಪಿಗಳನ್ನು ಹಿಡಿದುಕೊಂಡಿದ್ದರು. ಎಫಿ ಡೋಲೀನಾಳ ತೋಳಿಗೆ ತೋಳು ಸೇರಿಸಿ ಅವನ ಮುಂದೆ ನಡೆಯುತ್ತಿದ್ದಳು. ಕಳೆದ ಚಳಿಗಾಲದವರೆಗೆ ಆ ತೋಳು ನೆರೆಮನೆಯ ಪೆಗಿಯದಾಗಿತ್ತು. ಪೆಗಿ ಮತ್ತು ಎಫಿ ದಾರಿಯಲ್ಲೂ ಹಾಗೇ, ಮೇಜಿನವರೆಗೂ ಹಾಗೇ, ಶಾಲೆಯ ಹುಡುಗಿಯರಂತೆ ಅಂಟಿಕೊಂಡೇ ನಡೆಯುತ್ತಿದ್ದರು. ಪೆಗಿ ಹಿಮ ಬಿದ್ದ ವಾರ ತೀರಿಕೊಂಡಳು. ಇವತ್ತು ಎಫಿ ಮೇಜಿಗೆ ಒಬ್ಬಳೇ ನಡೆಯಬೇಕು ಎಂಬುದು ಅವನಿಗೆ ದೇವಾಲಯದ ಗೇಟಿನ ಹತ್ತಿರ ಹೊಳೆಯಿತು. ಗೆಳತಿಯಿಲ್ಲದ ದುಃಖ ಎಂದುಕೊಂಡ. ಅದಕ್ಕೇ ನನ್ನನ್ನು ಕರೆದಳು, ದೇವರ ಕರೆ ಅಲ್ಲ ಎಂದುಕೊಂಡ. ಹೀಗೆ ಅಂದುಕೊಂಡದ್ದರಿಂದ ನಿನ್ನೆಯ ಬರಿಗೈಗೆ ಒಂದು ಸಮರ್ಥನೆ ಸಿಕ್ಕಿತು, ಸಿಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಸಾಲು ಕೊಡುವವನ ಪೆಟ್ಟಿಗೆಯಂಥ ಪೀಠ ಪಾದ್ರಿಯ ಪೀಠದ ಕೆಳಗೆ, ಜನರಿಗೆ ಎದುರಾಗಿ. ಅಲ್ಲಿಂದ ಇಡೀ ದೇವಾಲಯ ಕಾಣುತ್ತದೆ, ಆದರೆ ಅವನು ಅಷ್ಟು ವರ್ಷದಲ್ಲಿ ನಿಜವಾಗಿ ನೋಡಿದ್ದು ತನ್ನ ಪುಸ್ತಕವನ್ನು. ಮುಂದಿನ ಉದ್ದ ಮೇಜಿಗೂ ಬೆಂಚುಗಳಿಗೂ ಬಿಳಿ ಬಟ್ಟೆ ಹಾಸಿತ್ತು. ಪರವೂರಿನ ಪಾದ್ರಿ ಮೇಜಿಗೆ ಬೇಲಿ ಹಾಕಿದ: ಯಾರು ಬರಬಾರದು, ಯಾವ ಯಾವ ಪಾಪವನ್ನು ಬಚ್ಚಿಟ್ಟುಕೊಂಡವರು ಬರಬಾರದು ಎಂದು ಒಂದೊಂದಾಗಿ ಹೇಳಿದ. ಟಾರ್ಕಿಲ್ ಪ್ರತಿಯೊಂದಕ್ಕೂ ಒಳಗೊಳಗೇ ಹೂಂಗುಟ್ಟಿದ. ಆಮೇಲೆ ಎದ್ದುನಿಂತು ಕೀರ್ತನೆ ಎತ್ತಿಕೊಂಡ. ಮೊದಲ ಸಾಲು ಹೊರಟಿತು, ಜನ ಹಿಡಿದರು, ದನಿ ಏರಿ ಚಾವಣಿಗೆ ತಾಗಿ ಇಳಿಯಿತು. ಬಿಲ್ಲೆಯವರು ಎದ್ದರು. ಮುದುಕಿಯರು, ಒಬ್ಬ ದೋಣಿಯವ, ಐವರ್‌ನ ಹೆಂಡತಿ. ನಡುವಿನ ದಾರಿಯಲ್ಲಿ ಎಫಿ ಬರುತ್ತಿದ್ದಳು. ಅವಳ ಎಡಗೈ ಒಂದು ಬೆಂಚಿನ ತುದಿ ಮುಟ್ಟಿತು, ಬಿಟ್ಟಿತು, ಮುಂದಿನದನ್ನು ಹುಡುಕಿ ಮುಟ್ಟಿತು. ಎರಡನೆಯ ಸಾಲು ಕೊಟ್ಟ. ಕೊನೆಯ ಬೆಂಚು ಮುಗಿದು ಮೇಜಿನವರೆಗೆ ಬರಿ ನೆಲ. ಅಲ್ಲಿ ಎಫಿ ನಿಂತಳು. ಕೈ ಮುಂದೆ ಚಾಚಿ ಗಾಳಿಯಲ್ಲಿ ಇಟ್ಟುಕೊಂಡಿದ್ದಳು. ಅವಳ ಹಿಂದೆ ಬಂದವರು ತಲೆ ತಗ್ಗಿಸಿ ನಿಂತರು. ಮೇಜಿನ ಅಂಚಿನಲ್ಲಿ ನಡುಗಿ ನಿಂತವರನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ, ಅದು ಆತ್ಮದ ಕೆಲಸ, ನಡುವೆ ಬರಬಾರದು. ಯಾರೋ ಮುದುಕಿ ಕಣ್ಣೊರೆಸಿಕೊಂಡಳು. ಎಫಿಯ ಬೆರಳುಗಳು ಗಾಳಿಯಲ್ಲಿ ನಿಧಾನವಾಗಿ ಎಡಕ್ಕೆ ಹೋದವು, ಬಲಕ್ಕೆ ಬಂದವು. ಕಪಾಟಿನ ಹಿಡಿಯಲ್ಲಿ ಕೆಂಪು ಕುಚ್ಚನ್ನು ಹುಡುಕುವಾಗ ಅವು ಹೀಗೇ ಹೋಗುತ್ತವೆ. ಟಾರ್ಕಿಲ್‌ನ ಕೈಯಲ್ಲಿ ಪುಸ್ತಕ ಮುಚ್ಚಿಕೊಂಡಿತು. ಚಹಾದ ಬಟ್ಟಲಿನ ಬೆರಳು, ತಳ್ಳಿದ ಪುಸ್ತಕ, ಪೆಗಿಯ ತೋಳು, ಬೆಳಕಲ್ಲಿ ಕೂತರೂ ಅವಳು ನೋಡದ ಗಲ್ಲದ ಗಾಯ. ಅವಳಿಗೆ ಕಣ್ಣು ಕಾಣಿಸುತ್ತಿಲ್ಲ.

ಮೂರನೆಯ ಸಾಲು ಅವನು ಕೊಡಲಿಲ್ಲ. ದನಿ ಇಳಿದು ನಿಂತುಹೋಯಿತು, ಜನ ತಲೆಯೆತ್ತಿ ನೋಡಿದರು. ಅವನು ಪೀಠದ ಸಣ್ಣ ಬಾಗಿಲು ತೆಗೆದು ಕೆಳಗಿಳಿದ. ತನ್ನ ಬೂಟಿನ ಸದ್ದು ತನಗೇ ಕೇಳಿಸಿತು. ಎಫಿಯ ಮೊಣಕೈ ಹಿಡಿದು, ನಾನು ಎಂದ. ಅವಳು ಅವನ ಕಡೆ ಮುಖ ತಿರುಗಿಸಿದಳು. "ಬಂದೆಯಾ," ಎಂದಳು. ಅಷ್ಟೇ. ಮದುವೆಯಾದ ಹೊಸತರಲ್ಲಿ ದೋಣಿ ದಡ ಮುಟ್ಟಿದಾಗ ಆಡುತ್ತಿದ್ದ ಮಾತು ಅದು, ಅದೇ ದನಿ. ಇಡೀ ದೇವಾಲಯದಲ್ಲಿ ಒಂದು ಉಸಿರು ಹಾದುಹೋಯಿತು: ಟಾರ್ಕಿಲ್ ಬಂದ, ಇಷ್ಟು ವರ್ಷದ ಮೇಲೆ, ಹಾಡನ್ನು ನಡುವೆ ಬಿಟ್ಟು ಬಂದ. ಅವನು ಅವಳನ್ನು ನಡೆಸಿ ಬಿಳಿ ಬಟ್ಟೆಯ ಬೆಂಚಿನ ಮೇಲೆ ಕೂರಿಸಿದ. ಅವಳು ಸ್ವಲ್ಪ ಆಚೆ ಸರಿದು ಪಕ್ಕದಲ್ಲಿ ಜಾಗ ಮಾಡಿ, ಬೆಂಚನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಐವರ್ ಅವಳ ಬಿಲ್ಲೆ ತೆಗೆದುಕೊಂಡು ಅವನ ಮುಂದೆ ಕೈ ಚಾಚಿದ. ಇನ್ನೊಂದು ದೊಡ್ಡ ಒರಟು ಕೈ ಆಗಲೇ ಅವನ ಭುಜದ ಮೇಲಿತ್ತು, ಸಂತೋಷಕ್ಕೆ.

"ನನ್ನ ಹತ್ತಿರ ಇಲ್ಲ," ಎಂದ ಟಾರ್ಕಿಲ್.

"ನಿನ್ನೆ ಬಂದಿದ್ರೆ ಕೊಡ್ತಿದ್ದೆವಲ್ಲೋ," ಎಂದ ಐವರ್, ಪಿಸುದನಿಯಲ್ಲಿ. "ಒಂದು ಮಾತು ಕೇಳದೆ ಕೊಡ್ತಿದ್ದೆವು."

ನಾನು ಮೇಜಿಗೆ ಬಂದದ್ದಲ್ಲ, ಇವಳಿಗೆ ಕಣ್ಣು ಕಾಣದು, ಕೂರಿಸಲು ಬಂದೆ: ಈ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಅವನು ಅವನಾಗಿಯೇ ಉಳಿಯುತ್ತಿದ್ದ, ಯೋಗ್ಯತೆಯಿಲ್ಲದೆ ಮೇಜಿಗೆ ನುಗ್ಗದವನಾಗಿ, ನಡುಗಿ ದೂರ ನಿಂತವನಾಗಿ. ಅವಳು ಯಾರಿಗೂ ಹೇಳದ್ದನ್ನು ಊರೆದುರು ಹೇಳಬೇಕಾಗುತ್ತಿತ್ತು. ನುಂಗಿಕೊಂಡ. ಕ್ಷಮಿಸಿ, ನಿಮಗೆ ತೊಂದರೆ ಕೊಟ್ಟೆ ಎಂದ. ಎಫಿಯ ಅಂಗೈ ಬೆಂಚನ್ನು ತಟ್ಟುವುದು ನಿಲ್ಲಿಸಿತು, ಆದರೆ ಅಲ್ಲೇ ಉಳಿಯಿತು. ಅವನು ಎಲ್ಲರ ಕಣ್ಣೆದುರು ಬರಿ ನೆಲವನ್ನು ದಾಟಿ ತನ್ನ ಪೀಠಕ್ಕೆ ಮರಳಿದ. ಪುಸ್ತಕ ತೆರೆದ, ಬಾಯಿಯೂ ತೆರೆಯಿತು, ದನಿ ಬರಲಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೂ ನೆನಪಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಸಾಲು ಎತ್ತಿಕೊಟ್ಟರು, ಒಡಕು ದನಿ, ಶ್ರುತಿ ಸ್ವಲ್ಪ ಹೆಚ್ಚೇ ಆಗಿತ್ತು. ಜನ ಅದನ್ನೂ ಹಾಗೇ ಹಿಡಿದು ಏರಿಸಿದರು. ಉಳಿದವರೆಲ್ಲ ಮೇಜಿಗೆ ಬಂದು ಕೂತರು. ಎಫಿಯ ಪಕ್ಕದ ಜಾಗ ಮಾತ್ರ ಹಾಗೇ ಉಳಿಯಿತು.

ಮಧ್ಯಾಹ್ನ ಮನೆಯಲ್ಲಿ ಕುರಿಮಾಂಸದ ಸಾರಿನ ಮುಂದೆ ಕೂತರು. ಡೋಲೀನಾ ಕೊಂಕು ಬಿಟ್ಟು ಇವನ ಬಟ್ಟಲಿಗೆ ದೊಡ್ಡ ತುಂಡು ಹಾಕಿದಳು. ಅವಳ ಕೊಂಕಿಗಿಂತ ಆ ತುಂಡು ಅವನನ್ನು ಹೆಚ್ಚು ಕುಗ್ಗಿಸಿತು. ಸಂಜೆಯ ಪ್ರಾರ್ಥನೆಗೆ ಬೇರೆಯವರು ಸಾಲು ಕೊಡಲಿ ಎಂದು ಹೇಳಿಕಳಿಸಿದ. ಡೋಲೀನಾ ಒಬ್ಬಳೇ ಹೋದಳು. ಮನೆಯಲ್ಲಿ ಇವರಿಬ್ಬರೇ ಉಳಿದರು, ಕಿಟಕಿಯಲ್ಲಿ ಇನ್ನೂ ಬೇಕಾದಷ್ಟು ಬೆಳಕಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಎಫಿಯೇ ಕೇಳಿದಳು.

"ಇವತ್ತು. ನೀನು ಅಲ್ಲಿ ನಿಂತಾಗ."

"ಇವತ್ತು," ಎಂದಳು ಅವಳು. ಆಮೇಲೆ ತಾನಾಗಿಯೇ ಹೇಳಿದಳು: ಎರಡು ವರ್ಷವಾಯಿತು, ಮೊದಲು ಪಕ್ಕದ ನೋಟ ಹೋಯಿತು, ಆಮೇಲೆ ಎದುರಿನದು ಮಂಜಾಯಿತು. ಪೆಗಿಯ ಮೊಣಕಾಲು ತೋರಿಸುವ ನೆಪದಲ್ಲಿ ಇಬ್ಬರೂ ಪಟ್ಟಣದ ಡಾಕ್ಟರ ಹತ್ತಿರ ಹೋಗಿದ್ದರು. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇವತ್ತು ಬಿಳಿ ಬಟ್ಟೆಯನ್ನು ಗುರುತಿಟ್ಟುಕೊಂಡು ನಡೆದರಾಯಿತು ಎಂದುಕೊಂಡಿದ್ದಳಂತೆ. ಅಲ್ಲಿಗೆ ಹೋದರೆ ಕಿಟಕಿಗಳ ಬೆಳಕು ಸೇರಿ ಎಲ್ಲೆಲ್ಲೂ ಬಿಳಿಯೇ ಇತ್ತು.

ನನಗೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಕೇಳುವಾಗಲೇ ಅದು ದೂರಿನಂತೆ ಕೇಳಿಸಿತು.

"ಹೇಳಿದ್ರೆ ನೀನು ಅದನ್ನೂ ನಿನ್ನ ಪಾಪದ ಜೊತೆ ಸೇರಿಸ್ಕೋತಿದ್ದೆ, ಮಾರಾಯ," ಎಂದಳು ಎಫಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಮಗ್ಗದ ಮನೇಗೆ ತಗೊಂಡು ಹೋಗಿ ದಿನಾ ಬಿಚ್ಚಿ ನೋಡ್ತಿದ್ದೆ. ಕಣ್ಣು ಹೋಗೋದು ನಂದು. ಅದಾದ್ರೂ ನಂದಾಗೇ ಇರ್ಲಿ ಅಂತ." ಆಮೇಲೆ, "ಹೋಗು ಈಗ, ನಿನ್ನ ಹೊತ್ತಾಯ್ತು. ಇವತ್ತು ನಿಂಗೆ ಬೇಕಾದಷ್ಟು ಸಿಕ್ಕಿದೆ," ಎಂದಳು.

ಅವನು ಎದ್ದ. ಕಾಲಿಗೆ ದಾರಿ ಅಭ್ಯಾಸವಾಗಿತ್ತು. ಹಿತ್ತಲ ಬಾಗಿಲು ತೆಗೆದ, ಗಾಳಿ ಮುಖಕ್ಕೆ ಬಡಿಯಿತು. ಆಚೆ ಮಗ್ಗದ ಮನೆಯ ತಗಡಿನ ಮಾಡು, ಅದರೊಳಗಿನ ಹಲಗೆ, ಅದರ ಮೇಲೆ ತನ್ನ ಪೃಷ್ಠದಿಂದ ನುಣುಪಾದ ಜಾಗ. ಅಲ್ಲಿ ಕೂತರೆ ಇವತ್ತಿನದನ್ನು ಎಲ್ಲಿಂದ ಶುರುಮಾಡಬೇಕು ಎಂದು ಆಗಲೇ ಮನಸ್ಸು ಹವಣಿಸುತ್ತಿತ್ತು. ಬಾಗಿಲು ಮುಚ್ಚಿದ. ಆದರೆ ಒಳಗಡೆಯೇ ನಿಂತಿದ್ದ. ಹೋಗುವುದೂ ಬೇಡ, ಇದ್ದೇನೆ ಎನ್ನಲೂ ನಾಚಿಕೆ.

ಅವನು ಹೋದನೆಂದುಕೊಂಡು ಎಫಿ ಎದ್ದಳು. ಮೇಜಿನ ಅಂಚು ಹಿಡಿದು, ಅಲ್ಲಿಂದ ಕುರ್ಚಿಯ ಬೆನ್ನಿನ ಉಣ್ಣೆಯ ಗಂಟು, ಅಲ್ಲಿಂದ ಕಿಟಕಿಯ ಚೌಕಟ್ಟಿನ ಗಂಟು. ಕಿಟಕಿಯ ಪಕ್ಕ ಕೂತಳು. ಬಲಗೈ ಎತ್ತಿ ಬೆಳಕಿಗೆ ಹಿಡಿದಳು. ಬೆರಳುಗಳನ್ನು ಬಿಡಿಸಿದಳು, ಮಡಿಸಿದಳು, ತಿರುಗಿಸಿದಳು. ಕೈಯನ್ನು ಮುಖಕ್ಕೆ ಹತ್ತಿರ ತಂದಳು, ಇನ್ನೂ ಹತ್ತಿರ, ಮೂಗಿಗೆ ತಾಗುವಷ್ಟು. ಆತುರವಿಲ್ಲದೆ, ದಿನದ ಕೆಲಸ ಮಾಡುವವರ ಹಾಗೆ. ದಿನಾ ಸಂಜೆ ತಾನು ಮಗ್ಗದ ಮನೆಯಲ್ಲಿ ತನ್ನೊಳಗೆ ಇಣುಕುತ್ತ ಕೂತಿದ್ದಾಗ ಇವಳು ಇಲ್ಲಿ ಒಬ್ಬಳೇ ಕೂತು, ಇವತ್ತಿಗೆ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುತ್ತಿದ್ದಳು. ಅವನಿಗೆ ಅಳು ಬಂತು. ಆ ಅಳು ನಿಜವೋ ಅಲ್ಲವೋ ಎಂದು ಅವನು ನೋಡಲಿಲ್ಲ.

"ಎಷ್ಟು ಕಾಣುತ್ತೆ?" ಎಂದು ಬಾಗಿಲ ಬಳಿಯಿಂದಲೇ ಕೇಳಿದ.

ಅವಳು ಬೆಚ್ಚಲಿಲ್ಲ, ಕೈ ಇಳಿಸಲೂ ಇಲ್ಲ. "ಕೈ ಇದೆ ಅಂತ ಗೊತ್ತಾಗುತ್ತೆ. ಬೆರಳು ಬೇರೆಬೇರೆ ಕಾಣಲ್ಲ. ಹೋದ ವಾರ ಕಾಣ್ತಿತ್ತು."

ಅವನು ಬಂದು ಅವಳ ಮುಂದೆ ಮಣೆಯ ಮೇಲೆ ಕೂತ. ಹತ್ತಿರ ಬಾ ಎಂದಳು. ಇನ್ನೂ ಹತ್ತಿರ ಎಂದಳು. ಅವಳ ಉಸಿರು ಮುಖಕ್ಕೆ ತಗಲುವಷ್ಟು ಹತ್ತಿರ ಹೋದ. ಆ ಕಣ್ಣುಗಳು ಅವನನ್ನು ದಾಟಿ ಎಲ್ಲೋ ನೋಡುತ್ತಿದ್ದವು, ಮೊದಲಿನಷ್ಟೇ ನೀಲಿಯಾಗಿದ್ದವು. ಸುಟ್ಟು ಕೆಂಪಾದ ಬೆರಳ ತುದಿ ಅವನ ಹಣೆಯಿಂದ ಶುರುವಾಗಿ, ಮೂಗಿನ ಪಕ್ಕದಲ್ಲಿ ಇಳಿದು, ಒದ್ದೆಯಾದ ಕೆನ್ನೆಯ ಮೇಲೆ ಸ್ವಲ್ಪ ನಿಂತು, ಗಲ್ಲಕ್ಕೆ ಬಂತು. ಅಲ್ಲಿ ನಿಂತಿತು.

"ಇದ್ಯಾವಾಗ ಕೊಯ್ಕೊಂಡೆ?"

"ನಿನ್ನೆ ಸಂಜೆ."

"ಆಳವಾಗಿದೆ," ಎಂದಳು. "ಬೆಳಿಗ್ಗೆಯೇ ಹೇಳಬಾರದಿತ್ತಾ?"

ನೀನಾಗಿಯೇ ನೋಡುತ್ತೀಯೇನೋ ಎಂದು ಕಾಯುತ್ತಿದ್ದೆ ಎಂದು ಅವನು ಹೇಳಲಿಲ್ಲ.